ಸ್ಕಾಟರು ಒಂದು ಜನತೆಯಾದದ್ದು ಹೇಗೆ? ರಕ್ತ, ಕಾನೂನು ಮತ್ತು ನೆಲದ ಪ್ರಶ್ನೆ

ತುಂಗಾತೀರ (ಚರ್ಚೆಯ ಆರಂಭ)

ಸ್ಕಾಟ್ಲೆಂಡ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಮನಸ್ಸಿಗೆ ಬರುವುದು ಚೌಕುಳಿಯ ಕಿಲ್ಟ್, ಬ್ಯಾಗ್‌ಪೈಪ್ ಮತ್ತು ಇಂಗ್ಲೆಂಡಿನ ವಿರುದ್ಧ ಕಾದಾಡಿ ಮಡಿದ ವಿಲಿಯಂ ವಾಲೇಸ್. ಒಂದೇ ಮೂಲದ ಪ್ರಾಚೀನ ಜನಾಂಗವೊಂದು ತನ್ನ ಬೆಟ್ಟಗುಡ್ಡಗಳಲ್ಲಿ ಸಾವಿರಾರು ವರ್ಷ ಬಾಳಿ, ಹೊರಗಿನವರೊಡನೆ ಹೋರಾಡುತ್ತ ಬಂದಿತು ಎಂಬುದು ಈ ಚಿತ್ರದ ಹಿಂದಿರುವ ನಂಬಿಕೆ. ಕೆಲವು ವರ್ಷಗಳಿಂದ ಈ ವಿಷಯವನ್ನು ಓದುತ್ತ ಬಂದಿರುವ ನನಗೆ ಇದು ಬಹುಮಟ್ಟಿಗೆ ತಪ್ಪೆಂದು ತೋರಿದೆ. ಸ್ಕಾಟರನ್ನು ಒಂದುಗೂಡಿಸಿದ್ದು ರಕ್ತವಲ್ಲ. ಅರಸೊತ್ತಿಗೆ, ಚರ್ಚು ಮತ್ತು ಕಾನೂನು ಎಂಬ ಸಂಸ್ಥೆಗಳು. ಹಾಗೆ ಒಂದಾದ ಜನರನ್ನು ಒಳಗಿನಿಂದಲೇ ಸೀಳಿದ್ದು ನೆಲದ ಒಡೆತನ. ಈ ಎರಡು ಮಾತುಗಳನ್ನು ಚರ್ಚೆಗೆ ಇಡುತ್ತಿದ್ದೇನೆ.

ಆರಂಭದ ಕಾಲವನ್ನು ಬೇಗ ದಾಟೋಣ. ಆರ್ಕ್ನಿ ದ್ವೀಪದ ಸ್ಕಾರಾ ಬ್ರೇ ಎಂಬಲ್ಲಿ ಸುಮಾರು 5,000 ವರ್ಷಗಳ ಹಿಂದೆ ಜನ ಕಲ್ಲಿನ ಮಂಚ, ಕಲ್ಲಿನ ಗೂಡುಗಳಿದ್ದ ಮನೆಗಳಲ್ಲಿ ವಾಸಿಸುತ್ತಿದ್ದರು. 1850ರ ಬಿರುಗಾಳಿಯೊಂದು ಮರಳನ್ನು ಸರಿಸಿದಾಗ ಆ ಊರು ಹೊರಬಿದ್ದಿತು. ಅವರು ಯಾವ ಭಾಷೆ ಆಡುತ್ತಿದ್ದರೆಂದು ಹೇಳಲು ಒಂದಕ್ಷರದ ಆಧಾರವೂ ಉಳಿದಿಲ್ಲ. ಬರಹದ ಇತಿಹಾಸ ತೆರೆದುಕೊಳ್ಳುವುದು ರೋಮನರೊಂದಿಗೆ. ಕ್ರಿ.ಶ. 122ರಲ್ಲಿ ಹೇಡ್ರಿಯನ್ ಚಕ್ರವರ್ತಿಯ ಗೋಡೆಯ ಕೆಲಸ ಆರಂಭವಾಯಿತು. 142ರ ಸುಮಾರಿಗೆ ಅದಕ್ಕಿಂತ ಉತ್ತರದಲ್ಲಿ, ಫೋರ್ತ್ ಮತ್ತು ಕ್ಲೈಡ್ ನದೀಮುಖಗಳ ನಡುವೆ, ಆಂಟೊನೈನ್ ಗೋಡೆ ಎದ್ದಿತು. ಸುಮಾರು 60 ಕಿ.ಮೀ. ಉದ್ದದ ಆ ಎರಡನೆಯ ಗೋಡೆಯನ್ನು ರೋಮನರು ಎರಡು ದಶಕಗಳಲ್ಲೇ ತೊರೆದರು. ಗೋಡೆಯಾಚೆಗಿನ ಜನರಿಗೆ ಅವರಿತ್ತ ಹೆಸರು ಪಿಕ್ಟರು.

ರೋಮನರು ಹೋದ ಮೇಲೆ ಇಂದಿನ ಸ್ಕಾಟ್ಲೆಂಡಿನ ನೆಲದಲ್ಲಿ ಐದು ಬಗೆಯ ಜನರು ಕಾಣುತ್ತಾರೆ. ಉತ್ತರ ಮತ್ತು ಪೂರ್ವದಲ್ಲಿ ಪಿಕ್ಟರು. ಪಶ್ಚಿಮದ ಆರ್ಗೈಲ್ ಪ್ರದೇಶ ಹಾಗೂ ಐರ್ಲೆಂಡಿನ ಈಶಾನ್ಯ ತೀರವನ್ನು ಕಡಲ ಮೂಲಕ ಹೆಣೆದಿದ್ದ ಡಾಲ್ ರಿಯಾಟಾ ರಾಜ್ಯದಲ್ಲಿ ಗೇಲಿಕ್ ಭಾಷೆಯ ಗೇಲರು. ಲ್ಯಾಟಿನ್ ಬರಹಗಾರರು ‘ಸ್ಕಾಟಿ’ ಎಂದದ್ದು ಇವರನ್ನೇ. ಕ್ಲೈಡ್ ನದಿಯ ಬದಿಯಲ್ಲಿ, ಡಂಬಾರ್ಟನ್ ಬಂಡೆಕೋಟೆಯನ್ನು ನೆಲೆಯಾಗಿಸಿಕೊಂಡು, ವೇಲ್ಸಿನವರ ಭಾಷೆಗೆ ಹತ್ತಿರದ ನುಡಿಯಾಡುತ್ತಿದ್ದ ಬ್ರಿಟನರು. ಆಗ್ನೇಯದ ಲೋಥಿಯನ್ನಿನಲ್ಲಿ ಇಂಗ್ಲಿಷಿನ ಪೂರ್ವರೂಪವನ್ನು ಮಾತನಾಡುತ್ತಿದ್ದ ಆಂಗ್ಲರು. ಎಂಟನೆಯ ಶತಮಾನದ ಕೊನೆಯಿಂದ ದ್ವೀಪಗಳಲ್ಲಿ ಮತ್ತು ಉತ್ತರದ ಅಂಚಿನಲ್ಲಿ ನೆಲೆಯೂರಿದ, ಸ್ಕ್ಯಾಂಡಿನೇವಿಯಾ ಮೂಲದ ನಾರ್ಸ್ ಜನರು. ಇವರಲ್ಲಿ ಯಾರೊಬ್ಬರನ್ನೂ ‘ನಿಜವಾದ ಸ್ಕಾಟರು’ ಎಂದು ಬೊಟ್ಟುಮಾಡಿ ಉಳಿದವರನ್ನು ಹೊರಗಿಡಲು ಸಾಧ್ಯವಿಲ್ಲ.

ಒಂಬತ್ತನೆಯ ಶತಮಾನದಲ್ಲಿ ಕೆನೆತ್ ಮ್ಯಾಕ್ ಆಲ್ಪಿನನ ವಂಶ ಪಿಕ್ಟರ ಮೇಲೆ ಅಧಿಕಾರ ಪಡೆಯಿತು. 900ರ ಹೊತ್ತಿಗೆ ಆ ರಾಜ್ಯಕ್ಕೆ ಆಲ್ಬಾ ಎಂಬ ಹೆಸರು ಬಂದಿತ್ತು. 1018ರ ಕಾರ್ಹಮ್ ಕದನದ ಬಳಿಕ ಟ್ವೀಡ್ ನದಿಯವರೆಗಿನ ನೆಲದ ಮೇಲೆ ಅದರ ಹಿಡಿತ ಗಟ್ಟಿಯಾಯಿತು. 1124ರಿಂದ 1153ರವರೆಗೆ ಆಳಿದ ಒಂದನೆಯ ಡೇವಿಡ್ ಕಾಲದಲ್ಲಿ ನಾರ್ಮನ್, ಬ್ರೆಟನ್ ಮತ್ತು ಫ್ಲೆಮಿಷ್ ಮನೆತನಗಳು ಬಂದು ಭೂಮಿ ಪಡೆದವು. ಬರ್ಗ್ ಎಂಬ ವ್ಯಾಪಾರ ಪಟ್ಟಣಗಳು, ಮಠಗಳು ಹುಟ್ಟಿಕೊಂಡವು. ಮುಂದೆ ಸಿಂಹಾಸನವೇರಿದ ಬ್ರೂಸ್ ಮನೆತನ ನಾರ್ಮಂಡಿಯಿಂದ ಬಂದದ್ದು, ಸ್ಟುವರ್ಟ್ ಮನೆತನದ ಮೂಲ ಇಂದಿನ ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದಲ್ಲಿತ್ತು. ನನ್ನ ಮನಸ್ಸನ್ನು ಬಹಳವಾಗಿ ಸೆಳೆದದ್ದು ಹನ್ನೆರಡನೆಯ ಶತಮಾನದ ರಾಜಶಾಸನಗಳ ಒಕ್ಕಣೆ. ಅರಸನು ತನ್ನ ಪ್ರಜೆಗಳನ್ನು ‘ಫ್ರೆಂಚರೇ, ಇಂಗ್ಲಿಷರೇ, ಸ್ಕಾಟರೇ, ಗ್ಯಾಲೋವೆಯವರೇ’ ಎಂದು ಬೇರೆ ಬೇರೆಯಾಗಿ ಕರೆಯುತ್ತಾನೆ. ತಾನು ಆಳುವುದು ಒಂದೇ ಕುಲವನ್ನಲ್ಲ ಎಂಬುದನ್ನು ಅರಸನ ಬರಹವೇ ಒಪ್ಪಿಕೊಂಡಿದೆ.

ಇದಾಗಿ ಇನ್ನೂರು ವರ್ಷಗಳೊಳಗೆ ದನಿ ಬದಲಾಯಿತು. 1286ರಲ್ಲಿ ಮೂರನೆಯ ಅಲೆಕ್ಸಾಂಡರ್ ಸತ್ತು, 1290ರಲ್ಲಿ ಅವನ ಮೊಮ್ಮಗಳೂ ತೀರಿಕೊಂಡಾಗ ಸಿಂಹಾಸನ ಬರಿದಾಯಿತು. ತೀರ್ಪುಗಾರನಾಗಿ ಬಂದ ಇಂಗ್ಲೆಂಡಿನ ಒಂದನೆಯ ಎಡ್ವರ್ಡ್ 1296ರಲ್ಲಿ ದೇಶವನ್ನೇ ಆಕ್ರಮಿಸಿದ. 1297ರ ಸ್ಟರ್ಲಿಂಗ್ ಸೇತುವೆ ಕಾಳಗ, 1305ರಲ್ಲಿ ವಾಲೇಸನ ಮರಣದಂಡನೆ, 1314ರ ಬ್ಯಾನಕ್‌ಬರ್ನ್ ಗೆಲುವು ಎಲ್ಲರಿಗೂ ಗೊತ್ತಿರುವ ಸಂಗತಿಗಳು. ಅವುಗಳಿಗಿಂತ ನನಗೆ ಮುಖ್ಯವಾಗಿ ಕಾಣುವುದು 1320ರಲ್ಲಿ ಪೋಪ್ ಇಪ್ಪತ್ತೆರಡನೆಯ ಜಾನನಿಗೆ ಸ್ಕಾಟಿಷ್ ಸರದಾರರು ಕಳುಹಿಸಿದ ಅರ್ಬ್ರೋತ್ ಪತ್ರ. ಸ್ಕಾಟರೆಲ್ಲರೂ ಸಿಥಿಯಾದಿಂದ ಹೊರಟು ಸ್ಪೇನಿನ ಮಾರ್ಗವಾಗಿ ಬಂದ ಒಂದೇ ಜನ, ಬ್ರಿಟನರನ್ನು ಓಡಿಸಿ ಪಿಕ್ಟರನ್ನು ನಿರ್ಮೂಲ ಮಾಡಿ ಈ ನಾಡನ್ನು ಪಡೆದವರು ಎಂದು ಅದು ಸಾರುತ್ತದೆ. ಆ ಪತ್ರಕ್ಕೆ ಮುದ್ರೆಯೊತ್ತಿದ ಮನೆತನಗಳಲ್ಲಿ ಎಷ್ಟೋ ನಾರ್ಮನ್ ಮೂಲದವು! ಚರಿತ್ರೆಯಾಗಿ ಆ ಕಥೆ ನಿಲ್ಲದು. ಆದರೆ ಅದೇ ಪತ್ರದಲ್ಲಿ, ಅರಸನೇ ರಾಜ್ಯವನ್ನು ಇಂಗ್ಲಿಷರಿಗೆ ಒಪ್ಪಿಸಿದರೆ ಅವನನ್ನು ಹೊರಹಾಕಿ ಬೇರೊಬ್ಬನನ್ನು ಅರಸನಾಗಿಸುತ್ತೇವೆ ಎಂಬ ಮಾತೂ ಇದೆ. ಭಿನ್ನ ಮೂಲದವರು ಒಂದು ರಾಜ್ಯದ ಉಳಿವಿಗಾಗಿ ಜೊತೆಗೂಡಿ ನಿಂತು, ತಾವು ಒಂದೇ ಜನವೆಂದು ಹೇಳಿಕೊಳ್ಳುವುದನ್ನು ಈ ದಾಖಲೆಯಲ್ಲಿ ಕಾಣಬಹುದು.

ಕಡಲಂಚು

ತುಂಗಾತೀರ ಅವರೇ, ಬಹಳ ಒಳ್ಳೆಯ ಆರಂಭ. ಎರಡು ಸಂದೇಹಗಳಿವೆ. ಮೊದಲನೆಯದು, ಪಿಕ್ಟರು ಏನಾದರು? ಅರ್ಬ್ರೋತ್ ಪತ್ರ ಹೇಳುವಂತೆ ಅವರು ನಿಜಕ್ಕೂ ನಿರ್ಮೂಲವಾದರೆ ಅಥವಾ ಅವರ ಭಾಷೆ ಮಾತ್ರ ಅಳಿಯಿತೆ? ಎರಡನೆಯದು, ದ್ವೀಪಗಳ ವಿಷಯ. ಹೆಬ್ರಿಡೀಸ್ ದ್ವೀಪಗಳು ನಾರ್ವೆಯ ಅರಸನಿಂದ ಸ್ಕಾಟ್ಲೆಂಡಿಗೆ ಬಂದದ್ದು 1266ರ ಪರ್ತ್ ಒಪ್ಪಂದದಿಂದ. ಆರ್ಕ್ನಿ ಮತ್ತು ಶೆಟ್ಲೆಂಡ್ ಬಂದದ್ದಂತೂ 1468 ಮತ್ತು 1469ರಲ್ಲಿ, ಮೂರನೆಯ ಜೇಮ್ಸನನ್ನು ಮದುವೆಯಾದ ಡೆನ್ಮಾರ್ಕಿನ ರಾಜಕುಮಾರಿಯ ವರದಕ್ಷಿಣೆ ಹಣಕ್ಕೆ ಒತ್ತೆಯಾಗಿ. ಆ ಹಣವನ್ನು ಡೆನ್ಮಾರ್ಕಿನವರು ತೀರಿಸಲಿಲ್ಲ, ದ್ವೀಪಗಳು ಹಿಂದಿರುಗಲಿಲ್ಲ. ಹೀಗಿರುವಾಗ 1320ರಲ್ಲೇ ಸ್ಕಾಟರು ಒಂದಾದರು ಎನ್ನುವುದು ಆತುರದ ಮಾತಾಗುವುದಿಲ್ಲವೆ? ಶೆಟ್ಲೆಂಡಿನವರು ಆಗಿನ್ನೂ ಆ ರಾಜ್ಯದ ಪ್ರಜೆಗಳೇ ಆಗಿರಲಿಲ್ಲ.

ತುಂಗಾತೀರ

ಕಡಲಂಚು ಅವರೇ, ಎರಡನೆಯ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ಒಂದಾಗುವ ಕೆಲಸ ಎಲ್ಲ ಕಡೆ ಒಂದೇ ಕಾಲಕ್ಕೆ ಮುಗಿಯಲಿಲ್ಲ. ಶೆಟ್ಲೆಂಡಿನಲ್ಲಿ ನಾರ್ಸ್ ನುಡಿಯ ಮುಂದುವರಿಕೆಯಾದ ನಾರ್ನ್ ಎಂಬ ಭಾಷೆ ಹದಿನೆಂಟನೆಯ ಶತಮಾನದವರೆಗೂ ಉಳಿದಿತ್ತು. ಅಲ್ಲಿನ ಎಷ್ಟೋ ಜನ ಇಂದಿಗೂ ತಮ್ಮನ್ನು ಮೊದಲು ಶೆಟ್ಲೆಂಡಿನವರೆಂದೇ ಗುರುತಿಸಿಕೊಳ್ಳುತ್ತಾರೆ.

ಪಿಕ್ಟರು ನಿರ್ಮೂಲವಾಗಲಿಲ್ಲ. 685ರಲ್ಲಿ ಡುನ್ ನೆಖ್ಟಾನ್ ಎಂಬಲ್ಲಿ ನಾರ್ಥಂಬ್ರಿಯಾದ ಅರಸನನ್ನೇ ಕೊಂದು ಆಂಗ್ಲರ ಮುನ್ನಡೆಯನ್ನು ತಡೆದ ಬಲಿಷ್ಠ ರಾಜ್ಯ ಅವರದು. 563ರಲ್ಲಿ ಐಯೋನಾ ದ್ವೀಪಕ್ಕೆ ಬಂದ ಸಂತ ಕೊಲಂಬನ ಪರಂಪರೆಯ ಸನ್ಯಾಸಿಗಳ ಮೂಲಕ ಗೇಲಿಕ್ ಭಾಷೆ ಅವರ ನಡುವೆ ಪ್ರತಿಷ್ಠೆ ಪಡೆಯಿತು. ನಾರ್ಸ್ ಕಡಲ ದಾಳಿಕೋರರಾದ ವೈಕಿಂಗರ ದಾಳಿ ಪಿಕ್ಟರನ್ನೂ ಗೇಲರನ್ನೂ ಒಂದೇ ಅಪಾಯಕ್ಕೆ ಈಡುಮಾಡಿತು. ಎರಡು ಮೂರು ತಲೆಮಾರುಗಳಲ್ಲಿ ಪಿಕ್ಟರ ಮಕ್ಕಳು ಗೇಲಿಕ್ ಆಡುವವರಾದರು. ಈಚಿನ ವಂಶವಾಹಿ ಅಧ್ಯಯನಗಳ ಪ್ರಕಾರ ಪಿಕ್ಟರು ಹೊರಗಿನಿಂದ ಬಂದ ವಿಚಿತ್ರ ಜನರಲ್ಲ, ಅದೇ ನೆಲದ ಕಬ್ಬಿಣಯುಗದ ಜನರ ಸಂತತಿ. ಅವರ ರಕ್ತ ಇಂದಿನ ಸ್ಕಾಟರಲ್ಲೂ ಹರಿಯುತ್ತಿದೆ. ಅಳಿದದ್ದು ಭಾಷೆ ಮತ್ತು ಹೆಸರು. ಅವರು ಕಡೆದ ಚಿಹ್ನೆಗಳ ಕಲ್ಲುಗಳು ಇಂದಿಗೂ ಹೊಲಗಳಲ್ಲಿ, ಚರ್ಚಿನ ಅಂಗಳಗಳಲ್ಲಿ ನಿಂತಿವೆ. ಅವುಗಳ ಅರ್ಥವನ್ನು ಯಾರೂ ಖಚಿತವಾಗಿ ಬಿಡಿಸಿಲ್ಲ.

ಮುಂದಿನ ಶತಮಾನಗಳಿಗೆ ಬೇಕಾದ ಒಂದು ಮಾತನ್ನು ಇಲ್ಲಿಯೇ ಸೇರಿಸುತ್ತೇನೆ. ಗೇಲಿಕ್ ಅರಸರ ಭಾಷೆಯಾಗಿದ್ದ ಕಾಲ ಹೋಗಿ, ಬರ್ಗ್ ಪಟ್ಟಣಗಳಿಂದ ಹರಡಿದ ಇಂಗ್ಲಿಷ್ ಮೂಲದ ಸ್ಕಾಟ್ಸ್ ಭಾಷೆ ತಗ್ಗುನಾಡಿನ ಮತ್ತು ಆಸ್ಥಾನದ ನುಡಿಯಾಯಿತು. ಹದಿನಾಲ್ಕನೆಯ ಶತಮಾನದ ಕೊನೆಗೆ ತಗ್ಗುನಾಡಿನವರು ಎತ್ತರದ ಹೈಲ್ಯಾಂಡಿನ ಗೇಲಿಕ್ ಜನರನ್ನು ಒರಟರೆಂದೂ ಕಾಡುಜನರೆಂದೂ ಬರೆಯತೊಡಗಿದರು. 1609ರ ಐಯೋನಾ ಕಟ್ಟಳೆಗಳು ಹೈಲ್ಯಾಂಡಿನ ಸಿರಿವಂತರು ತಮ್ಮ ಹಿರಿಯ ಮಗನನ್ನು ಇಂಗ್ಲಿಷ್ ಕಲಿಯಲು ತಗ್ಗುನಾಡಿಗೆ ಕಳುಹಿಸಬೇಕೆಂದು ವಿಧಿಸಿದವು. 1616ರ ಆಜ್ಞೆ ಗೇಲಿಕ್ ಭಾಷೆಯನ್ನೇ ಅನಾಗರಿಕತೆಯ ಮೂಲವೆಂದು ಹಳಿಯಿತು. ಈ ಆಜ್ಞೆಗಳನ್ನು ಹೊರಡಿಸಿದವರು ಇಂಗ್ಲಿಷರಲ್ಲ, ಸ್ಕಾಟಿಷ್ ಅಧಿಕಾರಸ್ಥರೇ ಎಂಬುದನ್ನು ನೆನಪಿಡಬೇಕು.

ದ್ವಾರಸಮುದ್ರ

ಈ ಚರ್ಚೆಯಲ್ಲಿ ಚರ್ಚಿನ ಪಾತ್ರ ಇನ್ನಷ್ಟು ವಿಸ್ತಾರವಾಗಿ ಬರಬೇಕು. 1560ರ ಪ್ರಾಟೆಸ್ಟಂಟ್ ಧರ್ಮಸುಧಾರಣೆಯಲ್ಲಿ ಜಾನ್ ನಾಕ್ಸ್ ಮತ್ತು ಅವರ ಸಂಗಡಿಗರು ಪ್ರತಿ ಪ್ಯಾರಿಷ್‌ಗೂ ಒಂದು ಶಾಲೆ ಬೇಕೆಂಬ ಯೋಜನೆಯನ್ನು ಮುಂದಿಟ್ಟರು. ಅದು ಕೂಡಲೇ ಕೈಗೂಡಲಿಲ್ಲ; 1616, 1633, 1646 ಮತ್ತು 1696ರ ಕಾಯಿದೆಗಳ ಮೂಲಕ ನಿಧಾನವಾಗಿ ನೆಲೆಗೊಂಡಿತು. ಜನಸಾಮಾನ್ಯರೂ ಬೈಬಲನ್ನು ತಾವೇ ಓದಬೇಕೆಂಬ ಹಟದಿಂದ ಓದುಬರಹ ಬೇರೂರಿತು. ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ಎಂಬ ಎರಡೇ ವಿಶ್ವವಿದ್ಯಾಲಯಗಳಿದ್ದಾಗ ಈ ಚಿಕ್ಕ ದೇಶದಲ್ಲಿ ಸೇಂಟ್ ಆಂಡ್ರೂಸ್, ಗ್ಲಾಸ್ಗೋ, ಅಬರ್ಡೀನ್, ಎಡಿನ್‌ಬರೋ ಎಂದು ನಾಲ್ಕು ಊರುಗಳಲ್ಲಿ ಉನ್ನತ ಶಿಕ್ಷಣ ನಡೆಯುತ್ತಿತ್ತು. ಡೇವಿಡ್ ಹ್ಯೂಮ್, ಆಡಮ್ ಸ್ಮಿತ್, ಭೂವಿಜ್ಞಾನಿ ಜೇಮ್ಸ್ ಹಟನ್, ರಸಾಯನವಿಜ್ಞಾನಿ ಜೋಸೆಫ್ ಬ್ಲ್ಯಾಕ್ ಒಂದೇ ಶತಮಾನದಲ್ಲಿ ಬೆಳೆಯಲು ಈ ತಳಹದಿ ಕಾರಣವಾಯಿತು ಎಂಬುದು ನನ್ನ ಅಭಿಪ್ರಾಯ.

ಸ್ಕಾಟ್ಲೆಂಡ್ ತನ್ನ ಸಂಸತ್ತನ್ನು ಬಿಟ್ಟು ಇಂಗ್ಲೆಂಡಿನೊಡನೆ ಒಂದೇ ರಾಜ್ಯವಾದ 1707ರ ಒಕ್ಕೂಟದ ಬಗ್ಗೆಯೂ ಹೇಳಬೇಕು. 1603ರಲ್ಲಿ ಆರನೆಯ ಜೇಮ್ಸ್ ಇಂಗ್ಲೆಂಡಿನ ಸಿಂಹಾಸನವನ್ನೂ ಏರಿ ಲಂಡನ್ನಿಗೆ ಹೊರಟುಹೋದ ಮೇಲೆ ಅರಸ ಒಬ್ಬನೇ ಆದರೂ ರಾಜ್ಯಗಳು ಎರಡಾಗಿಯೇ ಇದ್ದವು. 1690ರ ದಶಕದಲ್ಲಿ ಬೆಳೆ ಕೈಕೊಟ್ಟು ಭೀಕರ ಕ್ಷಾಮ ಬಂದಿತು. ಅದೇ ದಶಕದಲ್ಲಿ, 1698ರಲ್ಲಿ, ಪನಾಮಾ ಭೂಸಂಧಿಯ ಡೇರಿಯನ್ ಎಂಬಲ್ಲಿ ವಸಾಹತು ಕಟ್ಟಲು ಸ್ಕಾಟರು ಹಡಗುಗಳನ್ನು ಕಳುಹಿಸಿದರು. ಅದಕ್ಕಾಗಿ ದೇಶದೊಳಗೆ 4 ಲಕ್ಷ ಪೌಂಡುಗಳ ವಾಗ್ದಾನ ಪಡೆಯಲಾಗಿತ್ತು; ಸರದಾರರಿಂದ ಹಿಡಿದು ಪಟ್ಟಣದ ವರ್ತಕರವರೆಗೆ ಹಣ ಹೂಡಿದ್ದರು. ಜ್ವರ, ಹಸಿವು, ಸ್ಪೇನಿನವರ ಮುತ್ತಿಗೆ ಮತ್ತು ಇಂಗ್ಲಿಷ್ ವಸಾಹತುಗಳ ಅಸಹಕಾರದಿಂದ 1700ರ ಹೊತ್ತಿಗೆ ಎಲ್ಲವೂ ನಾಶವಾಯಿತು. ಒಕ್ಕೂಟದ ಒಪ್ಪಂದದಲ್ಲಿ ಸ್ಕಾಟ್ಲೆಂಡಿಗೆ ಕೊಡಲೊಪ್ಪಿದ ಮೊತ್ತ 3,98,085 ಪೌಂಡು 10 ಷಿಲಿಂಗ್, ಮತ್ತು ಅದರ ದೊಡ್ಡ ಪಾಲು ಡೇರಿಯನ್ ಹೂಡಿಕೆದಾರರ ನಷ್ಟ ತುಂಬುವುದಕ್ಕೆ ಮೀಸಲಾಗಿತ್ತು. ಬೀದಿಯ ಜನ ಒಕ್ಕೂಟದ ವಿರುದ್ಧ ದಂಗೆಯೆದ್ದಿದ್ದರು. ಊರೂರುಗಳಿಂದ ವಿರೋಧದ ಮನವಿಗಳು ಬಂದಿದ್ದವು. ಇದನ್ನು ಮಾರಾಟವೆನ್ನದೆ ಬೇರೇನೆನ್ನಬೇಕು?

ತುಂಗಾತೀರ

ದ್ವಾರಸಮುದ್ರ ಅವರೇ, ಹಣದ ಆಮಿಷ ಇದ್ದದ್ದು ನಿಜ, ಜನಾಭಿಪ್ರಾಯ ವಿರುದ್ಧವಾಗಿದ್ದದ್ದೂ ನಿಜ. ಆದರೂ ಮಾರಾಟ ಎಂಬ ಒಂದೇ ಪದದಿಂದ ಅದನ್ನು ಮುಗಿಸಲು ನನಗೆ ಮನಸ್ಸಿಲ್ಲ. ಸ್ಕಾಟ್ಲೆಂಡಿನ ಜಾನುವಾರು, ನಾರುಬಟ್ಟೆ, ಕಲ್ಲಿದ್ದಲುಗಳಿಗೆ ಇಂಗ್ಲೆಂಡೇ ಮುಖ್ಯ ಮಾರುಕಟ್ಟೆಯಾಗಿತ್ತು, ಮತ್ತು ಆ ಬಾಗಿಲನ್ನು ಮುಚ್ಚುವುದಾಗಿ 1705ರಲ್ಲಿ ಇಂಗ್ಲಿಷ್ ಸಂಸತ್ತು ಕಾಯಿದೆಯ ಮೂಲಕವೇ ಬೆದರಿಸಿತ್ತು. ಸಂಸತ್ತನ್ನು ಬಿಟ್ಟುಕೊಟ್ಟವರು ಮೂರನ್ನು ಉಳಿಸಿಕೊಂಡರು: ತಮ್ಮ ಪ್ರೆಸ್ಬಿಟೇರಿಯನ್ ಚರ್ಚು, ತಮ್ಮ ಕಾನೂನು ಮತ್ತು ನ್ಯಾಯಾಲಯಗಳು, ತಮ್ಮ ಶಿಕ್ಷಣ ವ್ಯವಸ್ಥೆ. ಸಂಸತ್ತಿಲ್ಲದ ಸುಮಾರು ಮುನ್ನೂರು ವರ್ಷ ಸ್ಕಾಟರು ತಮ್ಮನ್ನು ಬೇರೆ ಜನವೆಂದು ತಿಳಿದುಕೊಂಡೇ ಬಾಳಿದ್ದು ಈ ಮೂರರ ಬಲದಿಂದ.

ಹಾಗೆಯೇ 1746ರ ಏಪ್ರಿಲ್ 16ರ ಕಲಾಡನ್ ಕದನವನ್ನು ಸ್ಕಾಟರು ಮತ್ತು ಇಂಗ್ಲಿಷರ ನಡುವಿನ ಯುದ್ಧವೆಂದು ಬಣ್ಣಿಸುವುದು ಸರಿಯಲ್ಲ. ಪದಚ್ಯುತ ಸ್ಟುವರ್ಟ್ ವಂಶವನ್ನು ಮತ್ತೆ ಪಟ್ಟಕ್ಕೇರಿಸಲು ಹೊರಟ ಚಾರ್ಲ್ಸ್ ಎಡ್ವರ್ಡನ ಪಡೆ ಒಂದೆಡೆ. ಇನ್ನೊಂದೆಡೆಯ ಸರ್ಕಾರಿ ಸೈನ್ಯದಲ್ಲಿ ಸ್ಕಾಟಿಷ್ ಪಡೆಗಳೂ ಹೈಲ್ಯಾಂಡಿನ ಕ್ಯಾಂಪ್‌ಬೆಲ್ ಕುಲದವರೂ ಇದ್ದರು. ಒಂದು ತಾಸಿನೊಳಗೆ ಕದನ ಮುಗಿಯಿತು. ಗಾಯಾಳುಗಳನ್ನು ಕೊಂದದ್ದು, ಹಳ್ಳಿಗಳನ್ನು ಸುಟ್ಟದ್ದು ಅದರ ಬೆನ್ನಿಗೇ ನಡೆಯಿತು. ಹೈಲ್ಯಾಂಡಿನ ಗಂಡಸರು ತಮ್ಮ ಉಡುಗೆ ತೊಡುವುದನ್ನು ಕಾನೂನು ನಿಷೇಧಿಸಿತು; 1782ರವರೆಗೆ ಸೈನಿಕರಿಗಷ್ಟೇ ಅದಕ್ಕೆ ವಿನಾಯಿತಿ. 1822ರಲ್ಲಿ ನಾಲ್ಕನೆಯ ಜಾರ್ಜ್ ಎಡಿನ್‌ಬರೋಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಏರ್ಪಡಿಸಿದ ವೈಭವದಲ್ಲಿ ತಗ್ಗುನಾಡಿನ ಸಿರಿವಂತರೂ ಟಾರ್ಟನ್ ಎಂಬ ಹೈಲ್ಯಾಂಡಿನ ಚೌಕುಳಿ ಬಟ್ಟೆ ತೊಟ್ಟು ಮೆರೆದರು. ಅದೇ ವರ್ಷಗಳಲ್ಲಿ ಆ ಉಡುಗೆಯ ನಿಜವಾದ ಒಡೆಯರನ್ನು ಮನೆಗಳಿಂದ ಹೊರದಬ್ಬಲಾಗುತ್ತಿತ್ತು. ಇದನ್ನು ಓದುವಾಗಲೆಲ್ಲ ನನಗೆ ತೀವ್ರ ನೋವಾಗುತ್ತದೆ.

ಕಡಲಂಚು

ಆ ಹೊರದಬ್ಬುವಿಕೆಯ ವಿಷಯಕ್ಕೇ ಬರಬೇಕೆಂದಿದ್ದೆ. ಹೈಲ್ಯಾಂಡ್ ತೆರವು ಎಂದು ಕರೆಯಲಾಗುವ ಈ ಅಧ್ಯಾಯ ಸ್ಕಾಟಿಷ್ ಚರಿತ್ರೆಯ ಅತ್ಯಂತ ದಾರುಣ ಭಾಗ. ಅದರ ಕಾನೂನು ಅರ್ಥವಾಗದೆ ದುರಂತವೂ ಅರ್ಥವಾಗದು. ದಕ್ಷಿಣ ಕನ್ನಡದ ಹಳೆಯ ಭೂಪದ್ಧತಿ ಬಲ್ಲವರಿಗೆ ಮೂಲಗೇಣಿ, ಚಾಲಗೇಣಿಗಳ ವ್ಯತ್ಯಾಸ ಗೊತ್ತಿದೆ. ಮೂಲಗೇಣಿದಾರನು ಗೇಣಿ ಕೊಡುವವರೆಗೆ ಅವನನ್ನು ಕದಲಿಸುವಂತಿರಲಿಲ್ಲ, ಗೇಣಿಯನ್ನು ಏರಿಸುವಂತೆಯೂ ಇರಲಿಲ್ಲ. ಚಾಲಗೇಣಿದಾರನು ಒಡೆಯನ ಮನಸ್ಸಿದ್ದಷ್ಟು ದಿನ ಮಾತ್ರ ನೆಲದ ಮೇಲಿರುವವನು. ಹೈಲ್ಯಾಂಡಿನ ರೈತನು ತಾನು ಮೂಲಗೇಣಿದಾರನೆಂದೇ ನಂಬಿದ್ದನು. ಕುಲದ ನಾಯಕನಿಗಾಗಿ ತನ್ನ ಅಜ್ಜ, ಮುತ್ತಜ್ಜಂದಿರು ಯುದ್ಧದಲ್ಲಿ ಪ್ರಾಣ ಕೊಟ್ಟಿದ್ದಾರೆ, ಆದ್ದರಿಂದ ಈ ಕಣಿವೆಯಲ್ಲಿ ಬಾಳುವ ಹಕ್ಕು ತನ್ನ ಮನೆತನಕ್ಕೆ ಶಾಶ್ವತವಾಗಿದೆ ಎಂಬುದು ಅವನ ತಿಳಿವಳಿಕೆ. ಕಾಗದದಲ್ಲಿ ಮಾತ್ರ ಭೂಮಿಯೆಲ್ಲವೂ ನಾಯಕನ ಖಾಸಗಿ ಸೊತ್ತು, ರೈತನು ಬರೇ ಚಾಲಗೇಣಿಯವನು. ಯುದ್ಧದ ಆಳುಗಳು ಬೇಕಾಗಿದ್ದ ಕಾಲದಲ್ಲಿ ಈ ವ್ಯತ್ಯಾಸ ಮುನ್ನೆಲೆಗೆ ಬರಲಿಲ್ಲ. ನಾಯಕರು ಎಡಿನ್‌ಬರೋ, ಲಂಡನ್ನುಗಳಲ್ಲಿ ಸಾಲ ಮಾಡಿ ಬಾಳತೊಡಗಿ, ಶೆವಿಯಟ್ ಕುರಿ ಸಾಕುವವನು ರೈತರೆಲ್ಲರಿಗಿಂತ ಹೆಚ್ಚು ಗೇಣಿ ಕೊಡಲು ಮುಂದಾದಾಗ, ಕಾಗದವೇ ಗೆದ್ದಿತು.

ಹೈಲ್ಯಾಂಡಿನ ಉತ್ತರ ಭಾಗದ ಸದರ್ಲೆಂಡ್ ಎಸ್ಟೇಟಿನಲ್ಲಿ 1807ರಿಂದ 1821ರವರೆಗೆ ಒಳಕಣಿವೆಗಳ ಸಾವಿರಾರು ಜನರನ್ನು ಎಬ್ಬಿಸಿ, ಕಡಲ ತೀರದ ಕಲ್ಲುನೆಲದ ತುಂಡುಗಳಿಗೆ ಸಾಗಿಸಲಾಯಿತು. 1814ರಲ್ಲಿ ಸ್ಟ್ರಾತ್‌ನೇವರ್ ಕಣಿವೆಯಲ್ಲಿ, ಜನ ಹಿಂದಿರುಗಿ ಬಾರದಂತೆ ಮನೆಗಳ ಮರಮುಟ್ಟುಗಳಿಗೆ ಬೆಂಕಿ ಹಚ್ಚಿದರು. ಅದನ್ನು ನಡೆಸಿದ ಎಸ್ಟೇಟ್ ಅಧಿಕಾರಿ ಪ್ಯಾಟ್ರಿಕ್ ಸೆಲ್ಲರ್ ಮೇಲೆ ದಂಡಾರ್ಹ ನರಹತ್ಯೆಯ ಆರೋಪದ ಮೊಕದ್ದಮೆ ನಡೆದು, 1816ರಲ್ಲಿ ಇನ್ವರ್ನೆಸ್ಸಿನ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು. ಪಶ್ಚಿಮದ ದ್ವೀಪಗಳಲ್ಲಿ ಕಥೆ ಇನ್ನೊಂದು ಬಗೆಯದು. ಅಲ್ಲಿ ಕಡಲಪಾಚಿಯನ್ನು ಸುಟ್ಟು ಕ್ಷಾರ ತೆಗೆಯುವ ಕೆಲಸಕ್ಕೆ ಆಳುಗಳು ಬೇಕಾಗಿದ್ದುದರಿಂದ ಮೊದಮೊದಲು ಒಡೆಯರೇ ವಲಸೆಯನ್ನು ತಡೆದರು; ನೆಪೋಲಿಯನ್ ಯುದ್ಧಗಳ ತರುವಾಯ ಅದರ ಬೆಲೆ ಕುಸಿದಾಗ ಅದೇ ಜನ ಹೊರೆಯಾದರು. 1846ರಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಹಸಿವು ಬಂದ ಮೇಲೆ, ಹಡಗು ತುಂಬ ಜನರನ್ನು ಕೆನಡಾಕ್ಕೆ ಕಳುಹಿಸಲಾಯಿತು. 1851ರಲ್ಲಿ ಸೌತ್ ಯೂಯಿಸ್ಟ್ ಮತ್ತು ಬಾರಾ ದ್ವೀಪಗಳಿಂದ ಹೀಗೆ ಸಾಗಿಸಿದವರು ಕ್ವಿಬೆಕ್ ತಲುಪಿದಾಗ ಅವರ ಬಳಿ ಏನೂ ಇರಲಿಲ್ಲ.

ಕೊನೆಗೆ ಜನ ತಿರುಗಿಬಿದ್ದರು. 1882ರಲ್ಲಿ ಸ್ಕೈ ದ್ವೀಪದ ಬ್ರೇಸ್ ಎಂಬಲ್ಲಿ, ಮೇವುಮಾಳದ ಹಕ್ಕಿಗಾಗಿ ಗೇಣಿ ನಿಲ್ಲಿಸಿದ್ದ ರೈತರನ್ನು ಬಂಧಿಸಲು ಗ್ಲಾಸ್ಗೋದಿಂದ ಬಂದ ಪೊಲೀಸರನ್ನು ಹೆಂಗಸರೂ ಗಂಡಸರೂ ಕಲ್ಲು ಹೊಡೆದು ಎದುರಿಸಿದರು. ಮರುವರ್ಷ ಸರ್ಕಾರ ವಿಚಾರಣಾ ಆಯೋಗವನ್ನು ನೇಮಿಸಿತು. ಅದರ ಅಧ್ಯಕ್ಷರು ಲಾರ್ಡ್ ನೇಪಿಯರ್. 1866ರಿಂದ 1872ರವರೆಗೆ ಮದರಾಸಿನ ಗವರ್ನರ್ ಆಗಿದ್ದವರು ಇವರೇ. ಅಂದರೆ ನಮ್ಮ ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳು ಅವರ ಆಡಳಿತದಲ್ಲಿದ್ದವು. ಲಾರ್ಡ್ ಮೇಯೋ ಕೊಲೆಯಾದಾಗ ಕೆಲವು ತಿಂಗಳು ಹಂಗಾಮಿ ವೈಸ್‌ರಾಯ್ ಕೂಡ ಆಗಿದ್ದರು. ರೈತವಾರಿ ಪದ್ಧತಿಯಲ್ಲಿ ಉಳುವವನ ಹೆಸರು ಸರ್ಕಾರದ ದಾಖಲೆಯಲ್ಲಿರುವುದನ್ನು ಕಂಡು ಬಂದವರು ತಮ್ಮದೇ ದೇಶದ ರೈತನಿಗೆ ಯಾವ ದಾಖಲೆಯೂ ಇಲ್ಲದ್ದನ್ನು ನೋಡಬೇಕಾಯಿತು. ಆಯೋಗ ಊರೂರು ತಿರುಗಿ, ಗೇಲಿಕ್ ಭಾಷೆಯಲ್ಲೂ ಸಾಕ್ಷ್ಯ ಕೇಳಿ, 1884ರಲ್ಲಿ ವರದಿ ಕೊಟ್ಟಿತು. ಹಳ್ಳಿಯ ಸಮುದಾಯಕ್ಕೇ ಕಾನೂನಿನ ಮಾನ್ಯತೆ ಕೊಡಬೇಕೆಂಬ ಅದರ ಸಲಹೆಯನ್ನು ಸರ್ಕಾರ ಸ್ವೀಕರಿಸಲಿಲ್ಲ. ಆದರೆ ಕ್ರಾಫ್ಟರ್ ಎಂದು ಕರೆಯಲಾಗುವ ಸಣ್ಣ ಗೇಣಿದಾರರಿಗಾಗಿ ಬಂದ 1886ರ ಕ್ರಾಫ್ಟರ್ ಕಾಯಿದೆ ಗೇಣಿದಾರನನ್ನು ಎಬ್ಬಿಸುವುದನ್ನು ತಡೆದು, ನ್ಯಾಯವಾದ ಗೇಣಿಯನ್ನು ಗೊತ್ತುಪಡಿಸುವ ಆಯೋಗವನ್ನು ಸ್ಥಾಪಿಸಿತು. ಹಿಡುವಳಿಯೇ ಇಲ್ಲದ ಬಡವರಿಗೆ ಮಾತ್ರ ಅದರಿಂದ ಏನೂ ಸಿಗಲಿಲ್ಲ.

ಬಳ್ಳಾರಿ ಓದುಗ

ಕಡಲಂಚು ಅವರ ಬರಹ ಓದಿ ಮನಸ್ಸು ಭಾರವಾಯಿತು. ಆದರೆ ಸ್ಕಾಟರನ್ನು ನೊಂದವರನ್ನಾಗಿ ಮಾತ್ರ ಕಂಡರೆ ಚರಿತ್ರೆ ಅರ್ಧವಾಗುತ್ತದೆ. ಒಕ್ಕೂಟದ ಬಳಿಕ ಬ್ರಿಟಿಷ್ ಸಾಮ್ರಾಜ್ಯದಲ್ಲಿ ಅವರಿಗೆ ದೊರೆತ ಪಾಲು ಅವರ ಜನಸಂಖ್ಯೆಗೆ ಮೀರಿದ್ದಾಗಿತ್ತು. ನಮ್ಮ ನೆಲದಲ್ಲೇ ನೋಡಿ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆಯಿಟ್ಟ ಪಡೆಯ ಮುಂದಾಳು ಡೇವಿಡ್ ಬೇರ್ಡ್ ಸ್ಕಾಟ್, ಅದಕ್ಕೂ ಮೊದಲು ಅದೇ ಊರಿನಲ್ಲಿ ಸೆರೆಯಾಳಾಗಿದ್ದವನು. ಕೋಟೆ ಬಿದ್ದ ಮರುವರ್ಷ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿ ಬೆಳೆ, ಮಣ್ಣು, ಕಸುಬುಗಳನ್ನೆಲ್ಲ ದಾಖಲಿಸಿದ ಫ್ರಾನ್ಸಿಸ್ ಬುಕಾನನ್ ಹುಟ್ಟಿದ್ದು ಸ್ಕಾಟ್ಲೆಂಡಿನ ಕ್ಯಾಲಂಡರಿನಲ್ಲಿ. ಮೈಸೂರಿನ ಮೋಜಣಿ ನಡೆಸಿ ಶಾಸನಗಳನ್ನೂ ಕೈಬರಹಗಳನ್ನೂ ಕೂಡಿಹಾಕಿದ ಕಾಲಿನ್ ಮೆಕೆಂಜಿ ಲೂಯಿಸ್ ದ್ವೀಪದ ಸ್ಟಾರ್ನೊವೇ ಊರಿನವರು. ನಮ್ಮ ಬಳ್ಳಾರಿಯನ್ನೊಳಗೊಂಡ ದತ್ತ ಮಂಡಲಗಳಲ್ಲಿ ರೈತವಾರಿಯನ್ನು ಬೆಳೆಸಿದ ಥಾಮಸ್ ಮನ್ರೋ ಗ್ಲಾಸ್ಗೋ ವರ್ತಕನ ಮಗ. ಅವರು ಅದಕ್ಕೂ ಮೊದಲು ಕೆನರಾದ ಕಲೆಕ್ಟರಾಗಿದ್ದರು. ಅಲ್ಲಿ ಭೂಮಿ ಬಹುಕಾಲದಿಂದ ಸಣ್ಣ ಸಣ್ಣ ವರ್ಗದಾರರ ಸ್ವಂತ ಆಸ್ತಿಯಾಗಿದ್ದುದನ್ನು ಕಂಡು ಬರೆದಿದ್ದಾರೆ. ದತ್ತ ಮಂಡಲದಲ್ಲಿ ಮನ್ರೋ ರೈತರೊಡನೆ ನೇರವಾಗಿ ಕಂದಾಯ ಗೊತ್ತುಪಡಿಸಿ ಮುಗಿಸಿದ 1807ರಲ್ಲೇ ಸದರ್ಲೆಂಡಿನ ತೆರವು ಆರಂಭವಾಗಿತ್ತು. ಹಾಗೆಂದು ರೈತವಾರಿಯನ್ನು ದಯೆಯ ಕೊಡುಗೆಯೆಂದು ನಾನು ಹೊಗಳಲಾರೆ; ಅದರ ಕಂದಾಯದ ಹೊರೆಯನ್ನು ನಮ್ಮ ಹಿರಿಯರು ಹೊತ್ತಿದ್ದಾರೆ.

ಗುಲಾಮಗಿರಿಯ ಮಾತನ್ನೂ ಬಿಡಬಾರದು. ಹದಿನೆಂಟನೆಯ ಶತಮಾನದ ಗ್ಲಾಸ್ಗೋ ಶ್ರೀಮಂತವಾದದ್ದು ವರ್ಜೀನಿಯಾದ ಹೊಗೆಸೊಪ್ಪಿನಿಂದ, ತರುವಾಯ ವೆಸ್ಟ್ ಇಂಡೀಸಿನ ಸಕ್ಕರೆಯಿಂದ. ಎರಡನ್ನೂ ಬೆಳೆದವರು ಗುಲಾಮರಾಗಿದ್ದ ಆಫ್ರಿಕದ ಜನರು. ಜಮೈಕಾದ ತೋಟಗಳ ಒಡೆಯರಲ್ಲೂ ಮೇಲ್ವಿಚಾರಕರಲ್ಲೂ ಸ್ಕಾಟರು ಬಹಳ ಮಂದಿಯಿದ್ದರು. 1778ರಲ್ಲಿ, ಜಮೈಕಾದಿಂದ ಕರೆತರಲ್ಪಟ್ಟಿದ್ದ ಜೋಸೆಫ್ ನೈಟ್ ಎಂಬವರ ಮೊಕದ್ದಮೆಯಲ್ಲಿ ಸ್ಕಾಟ್ಲೆಂಡಿನ ಉನ್ನತ ನ್ಯಾಯಾಲಯ ಗುಲಾಮಗಿರಿಗೆ ಈ ದೇಶದ ಕಾನೂನಿನಲ್ಲಿ ಸ್ಥಾನವಿಲ್ಲವೆಂದು ತೀರ್ಪಿತ್ತಿತು. ತಮ್ಮ ನೆಲದಲ್ಲಿ ಸಲ್ಲದೆಂದ ಮೇಲೂ ಸಾಗರದಾಚೆ ಅದರ ಲಾಭ ಪಡೆಯುವುದು ಹಲವು ದಶಕ ನಡೆದೇ ಇತ್ತು. ಗ್ಲಾಸ್ಗೋ ವಿಶ್ವವಿದ್ಯಾಲಯ ತಾನೂ ಆ ಹಣದಿಂದ ಪ್ರಯೋಜನ ಪಡೆದಿತ್ತೆಂದು ಒಪ್ಪಿ ವರದಿ ಪ್ರಕಟಿಸಿದ್ದು 2018ರಲ್ಲಿ.

ಕ್ಲೈಡ್ ಕನ್ನಡತಿ

ನಾನು ಗ್ಲಾಸ್ಗೋದಲ್ಲಿ ನೆಲೆಸಿರುವ ಕನ್ನಡತಿ. ಮೇಲಿನ ಎಲ್ಲರ ಬರಹಗಳನ್ನೂ ಓದಿದೆ. ಇಪ್ಪತ್ತನೆಯ ಶತಮಾನದ ಬಗ್ಗೆ ಸ್ವಲ್ಪ ಸೇರಿಸಲು ಬಯಸುತ್ತೇನೆ.

ತುಂಗಾತೀರ ಅವರು ಹೇಳಿದ ಹಲವು ಮೂಲಗಳ ಸಾಲಿಗೆ ಕೈಗಾರಿಕಾ ಯುಗ ಇನ್ನೊಂದನ್ನು ತಂದಿತು. ಐರ್ಲೆಂಡಿನ ಮಹಾಕ್ಷಾಮದ ಕಾಲದಲ್ಲಿ ಮತ್ತು ಅನಂತರ ಸಾವಿರಾರು ಐರಿಷ್ ಕ್ಯಾಥೊಲಿಕರು ಗ್ಲಾಸ್ಗೋದ ಗಿರಣಿ, ಗಣಿ, ಹಡಗುಕಟ್ಟೆಗಳಿಗೆ ಬಂದರು. ಅವರನ್ನು ಸುಲಭವಾಗಿ ಒಪ್ಪಿಕೊಳ್ಳಲಿಲ್ಲ. 1923ರಲ್ಲಿ ಚರ್ಚ್ ಆಫ್ ಸ್ಕಾಟ್ಲೆಂಡಿನ ಮಹಾಸಭೆಗೆ ಸಲ್ಲಿಸಿದ ವರದಿಯೊಂದು ಐರಿಷ್ ಜನರಿಂದ ಸ್ಕಾಟಿಷ್ ರಾಷ್ಟ್ರೀಯತೆಗೇ ಅಪಾಯವೆಂದು ಹೇಳಿತ್ತು. ಸಾವಿರ ವರ್ಷಗಳ ಹಿಂದೆ ಐರ್ಲೆಂಡಿನೊಡನೆ ಒಂದೇ ಭಾಷೆ ಹಂಚಿಕೊಂಡಿದ್ದ ನಾಡಿನಲ್ಲಿ ಇಂಥ ಮಾತು ಬಂದಿತೆಂಬುದು ದುಃಖದ ವಿಷಯ. ಚರ್ಚು ಬಹಳ ತಡವಾಗಿ ಅದಕ್ಕೆ ಕ್ಷಮೆ ಕೇಳಿತು.

ಅದೇ ದಶಕಗಳಲ್ಲಿ ದ್ವೀಪಗಳು ಬರಿದಾಗುತ್ತಿದ್ದವು. ಮೊದಲ ಮಹಾಯುದ್ಧ ಮುಗಿಸಿ ಊರಿಗೆ ಮರಳುತ್ತಿದ್ದ ಲೂಯಿಸ್ ಮತ್ತು ಹ್ಯಾರಿಸ್ ದ್ವೀಪಗಳ ನಾವಿಕರನ್ನು ಹೊತ್ತ ಅಯೊಲೇರ್ ಹಡಗು 1919ರ ಜನವರಿ 1ರ ನಸುಕಿನಲ್ಲಿ ಸ್ಟಾರ್ನೊವೇ ಬಂದರಿನ ಬಾಯಲ್ಲೇ ಬಂಡೆಗೆ ಅಪ್ಪಳಿಸಿತು. ಸತ್ತವರು 200ಕ್ಕೂ ಹೆಚ್ಚು. 1930ರ ಆಗಸ್ಟ್ 29ರಂದು ಸೇಂಟ್ ಕಿಲ್ಡಾ ದ್ವೀಪದಲ್ಲಿ ಉಳಿದಿದ್ದ 36 ಜನರು ತಾವೇ ಸರ್ಕಾರಕ್ಕೆ ಬರೆದುಕೊಂಡಂತೆ ಶಾಶ್ವತವಾಗಿ ದ್ವೀಪ ಬಿಟ್ಟರು. ಗೇಲಿಕ್ ಭಾಷೆಯ ಗತಿಯೂ ಇದೇ. 1872ರ ಶಿಕ್ಷಣ ಕಾಯಿದೆಯಲ್ಲಿ ಅದಕ್ಕೆ ಯಾವ ಸ್ಥಾನವೂ ಇರಲಿಲ್ಲ. 1891ರ ಜನಗಣತಿಯಲ್ಲಿ ಸುಮಾರು ಎರಡೂವರೆ ಲಕ್ಷ ಇದ್ದ ಗೇಲಿಕ್ ಮಾತುಗಾರರು 2011ರಲ್ಲಿ ಸುಮಾರು 57,000ಕ್ಕೆ ಇಳಿದಿದ್ದರು. 2022ರಲ್ಲಿ ಆ ಸಂಖ್ಯೆ 69,000 ದಾಟಿದೆ. ಗೇಲಿಕ್ ಮಾಧ್ಯಮದ ಶಾಲೆಗಳು ಗ್ಲಾಸ್ಗೋದಲ್ಲೂ ನಡೆಯುತ್ತಿವೆ, ಆದರೆ ದ್ವೀಪದ ಮನೆಗಳಲ್ಲಿ ದಿನನಿತ್ಯದ ಮಾತಾಗಿ ಅದು ಕ್ಷೀಣಿಸುತ್ತಲೇ ಇದೆ.

ಇನ್ನು ರಕ್ತವೋ ಸಂಸ್ಥೆಯೋ ಎಂಬ ಪ್ರಶ್ನೆ. 1997ರ ಜನಮತದ ಫಲವಾಗಿ 1999ರಲ್ಲಿ ಸ್ಕಾಟಿಷ್ ಸಂಸತ್ತು ಮತ್ತೆ ಸೇರಿತು. 2014ರ ಸೆಪ್ಟೆಂಬರ್ 18ರಂದು ಸ್ವಾತಂತ್ರ್ಯದ ಕುರಿತು ಜನಮತ ನಡೆದಾಗ ಮತದ ಹಕ್ಕನ್ನು ವಾಸದ ಆಧಾರದ ಮೇಲೆ ಕೊಡಲಾಯಿತು. ಲಂಡನ್ನಿನಲ್ಲಿ ನೆಲೆಸಿದ್ದ, ಸ್ಕಾಟ್ಲೆಂಡಿನಲ್ಲೇ ಹುಟ್ಟಿದ ಸ್ಕಾಟನಿಗೆ ಮತವಿರಲಿಲ್ಲ. ಇಲ್ಲಿ ವಾಸಿಸುವ ಭಾರತದ ಪ್ರಜೆಗೆ, ಕಾಮನ್‌ವೆಲ್ತ್ ದೇಶದವರೆಂಬ ಕಾರಣಕ್ಕೆ, ಇತ್ತು. ನಾನು ಆ ದಿನ ಮತ ಹಾಕಿದೆ. ಸುಮಾರು ಶೇ. 55 ಜನ ಬೇಡವೆಂದರು, ಶೇ. 45 ಜನ ಬೇಕೆಂದರು. ಯಾರು ಸ್ಕಾಟರು ಎಂಬ ಪ್ರಶ್ನೆಗೆ ಆ ಮತದಾರರ ಪಟ್ಟಿಯೇ ಉತ್ತರವೆಂದು ನಾನು ಭಾವಿಸುತ್ತೇನೆ.

ದ್ವಾರಸಮುದ್ರ

ಮಾರಾಟವೆಂಬ ನನ್ನ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಕಾನೂನು ಮತ್ತು ಚರ್ಚು ಉಳಿದದ್ದರಿಂದಲೇ 1999ರಲ್ಲಿ ಸಂಸತ್ತು ಮರಳಲು ನೆಲೆಯಿತ್ತು ಎಂಬ ವಾದ ಬಲವಾದದ್ದು ಎಂದು ಒಪ್ಪುತ್ತೇನೆ. ತುಂಗಾತೀರ ಅವರಲ್ಲಿ ಒಂದು ಪ್ರಶ್ನೆ: ಹೊಸ ಸಂಸತ್ತು ನೆಲದ ಒಡೆತನದ ವಿಷಯದಲ್ಲಿ ಏನಾದರೂ ಮಾಡಿದೆಯೆ? 1886ರ ಕಾಯಿದೆ ಒಡೆತನವನ್ನು ಮುಟ್ಟಲಿಲ್ಲವಲ್ಲ.

ತುಂಗಾತೀರ

ಮುಖ್ಯವಾದ ಪ್ರಶ್ನೆ. 1886ರ ಕಾಯಿದೆ ಗೇಣಿದಾರನಿಗೆ ಭದ್ರತೆ ಕೊಟ್ಟಿತೇ ಹೊರತು ಎಸ್ಟೇಟುಗಳನ್ನು ಒಡೆಯಲಿಲ್ಲ. ಹೊಸ ಸಂಸತ್ತು ತನ್ನ ಮೊದಲ ವರ್ಷಗಳಲ್ಲೇ ಇದಕ್ಕೆ ಕೈಹಾಕಿತು. ಮಧ್ಯಯುಗದಿಂದ ಉಳಿದುಬಂದಿದ್ದ ಊಳಿಗಮಾನ್ಯ ಭೂಹಿಡುವಳಿಯನ್ನು 2000ದ ಕಾಯಿದೆ ರದ್ದುಗೊಳಿಸಿತು. ಅದು 2004ರ ನವೆಂಬರ್ 28ರಂದು ಪೂರ್ಣವಾಗಿ ಜಾರಿಗೆ ಬಂದಿತು. 2003ರ ಭೂಸುಧಾರಣಾ ಕಾಯಿದೆಯ ಪ್ರಕಾರ ಗ್ರಾಮೀಣ ಸಮುದಾಯವೊಂದು ತನ್ನ ಆಸಕ್ತಿಯನ್ನು ನೋಂದಾಯಿಸಿದ್ದರೆ, ಆ ಭೂಮಿ ಮಾರಾಟಕ್ಕೆ ಬಂದಾಗ ಕೊಳ್ಳುವ ಮೊದಲ ಹಕ್ಕು ಅದಕ್ಕೇ ಸಲ್ಲುತ್ತದೆ. ಕ್ರಾಫ್ಟಿಂಗ್ ಸಮುದಾಯಗಳ ಹಕ್ಕು ಇನ್ನೂ ಹೆಚ್ಚಿನದು; ಒಡೆಯನು ಮಾರಲು ಒಪ್ಪದಿದ್ದರೂ ಅವು ಕೊಳ್ಳಲು ಅರ್ಜಿ ಹಾಕಬಹುದು.

ಕಾಯಿದೆ ಬರುವ ಮೊದಲೇ, 1997ರಲ್ಲಿ, ಎಯ್ಗ್ ಎಂಬ ಚಿಕ್ಕ ದ್ವೀಪದ ನಿವಾಸಿಗಳು ಚಂದಾ ಎತ್ತಿ ತಮ್ಮ ದ್ವೀಪವನ್ನು ಕೊಂಡಿದ್ದರು. 1851ರ ಸಾಗಾಟದ ಸಂದರ್ಭದಲ್ಲಿ ಕಡಲಂಚು ಅವರು ಹೆಸರಿಸಿದ ಸೌತ್ ಯೂಯಿಸ್ಟ್ ಎಸ್ಟೇಟ್ 2006ರಲ್ಲಿ ಅಲ್ಲಿಯ ಜನರ ಕೈಗೆ ಬಂದಿತು. ಆದರೂ ಇಂದಿಗೂ ಸ್ಕಾಟ್ಲೆಂಡಿನ ಖಾಸಗಿ ಗ್ರಾಮೀಣ ಭೂಮಿಯ ಸುಮಾರು ಅರ್ಧ ಕೆಲವೇ ನೂರು ಒಡೆಯರಲ್ಲಿ ಕೇಂದ್ರೀಕೃತವಾಗಿದೆ; ಯುರೋಪಿನಲ್ಲಿ ಇಷ್ಟು ಕೆಲವರ ಕೈಯಲ್ಲಿ ಇಷ್ಟು ನೆಲವಿರುವುದು ಅಪರೂಪ. 2016ರಲ್ಲಿ ಎರಡನೆಯ ಭೂಸುಧಾರಣಾ ಕಾಯಿದೆ ಬಂದಿದೆ, ಸ್ಕಾಟಿಷ್ ಭೂ ಆಯೋಗವೂ ಅದರ ಅಡಿಯಲ್ಲಿ ರಚನೆಯಾಗಿದೆ. ಆಸಕ್ತರಿದ್ದರೆ, ಸಮುದಾಯದ ಒಡೆತನ ಬಂದ ಮೇಲೆ ಎಯ್ಗ್ ದ್ವೀಪದಲ್ಲಿ ವಿದ್ಯುತ್ತು, ಮನೆ, ಜನಸಂಖ್ಯೆಗಳ ವಿಷಯದಲ್ಲಿ ಆದ ಬದಲಾವಣೆಗಳನ್ನು ಬೇರೆ ಎಳೆಯಲ್ಲಿ ವಿವರವಾಗಿ ಬರೆಯುತ್ತೇನೆ.